ಭಾವನ ದಪ್ಪ ಕಾರ್ನಿಯಾ

ನನ್ನ ಭಾವನಷ್ಟು ಯೋಚನೆ ಮಾಡುವ ಮನುಷ್ಯ ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿಲ್ಲ. ಚಪ್ಪಲಿ ಅಂಗಡಿಗೆ ಹೋದರೆ ಎಡಗಾಲಿನದನ್ನು ಒಪ್ಪಿ, ಬಲಗಾಲಿನದರ ಬಗ್ಗೆ ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎನ್ನುವ ಆಸಾಮಿ! ಎರಡು ಸಾವಿರದ ಇಸವಿಯ ಆಚೀಚೆ ಅಂಥವನ ಕಿವಿಗೆ, ಲೇಸರ್ ಮಾಡಿಸಿದರೆ ಕನ್ನಡಕವೇ ಬೇಡವಂತೆ ಎಂಬ ಸುದ್ದಿ ಬಿದ್ದರೆ ಏನಾಗಬೇಡ?

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಒಂದೇ ವಾರಿಗೆಯವರಾದ್ದರಿಂದ ನಮ್ಮಲ್ಲಿ ಏಕವಚನ; ಅವನೂ ನನ್ನನ್ನು ಭಾವ ಎಂದೇ ಕರೆಯುವುದು. ಜಾವಳಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವನು ಲೆಕ್ಕ ಬರೆಯುವ ರೈಟರ್, ನಾನು ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡಿಸುವವನು. ಇಬ್ಬರಿಗೂ ಸೋಡಾಬುಡ್ಡಿ ಕನ್ನಡಕ. ಮಳೆಗಾಲದಲ್ಲಿ ಒಟ್ಟಿಗೆ ಕೆಲಸಕ್ಕೆ ನಡೆದು ಹೊರಟರೆ ಮೋರಿಯ ತಿರುವಿಗೆ ಬರುವಷ್ಟರಲ್ಲಿ ಇಬ್ಬರಿಗೂ ದಾರಿ ಕಾಣುತ್ತಿರಲಿಲ್ಲ. ಆಗ ಭಾವ ಬುತ್ತಿ ಡಬ್ಬಿ ತೆರೆದು ಒಂದು ಒಣಬಟ್ಟೆ ತೆಗೆಯುವನು. ನಮ್ಮಿಬ್ಬರ ಬಳಿ ನೆನೆಯದ ಜಾಗ ಅದೊಂದೇ! ಮೊದಲು ನಾನು, ಆಮೇಲೆ ಅವನು ಕನ್ನಡಕ ಒರೆಸಿಕೊಂಡು ಮುಂದೆ ಹೋಗುವುದು. ಮಧ್ಯಾಹ್ನದವರೆಗೆ ನನ್ನ ಕನ್ನಡಕಕ್ಕೆ ಅವನ ಮನೆಯ ಉಪ್ಪಿನಕಾಯಿಯ ಘಮ.

ಲೇಸರ್ ತನಗೆ ಬೇಕೋ ಬೇಡವೋ ಎಂದು ಭಾವ ಮೇಸ್ತ್ರಿಯನ್ನು ಕೇಳಿದ, ಬಸ್ ಕಂಡಕ್ಟರನ್ನು ಕೇಳಿದ, ಭಟ್ಟರನ್ನೂ ಕೇಳಿದ. ಕೊನೆಗೆ, ಕನ್ನಡಕ ನಿಜವಾಗಿ ಎಷ್ಟು ಬೇಕು ಎಂದು ತಿಳಿಯಲು ಒಂದು ದಿನ ಬರಿಗಣ್ಣಿನಲ್ಲಿ ಕೆಲಸಕ್ಕೆ ಬಂದ. ಆಫೀಸಿನ ಮೊಳೆಗೆ ನೇತುಹಾಕಿದ್ದ ಸಾಹುಕಾರರ ರೈನ್‌ಕೋಟಿಗೆ ಕೈಮುಗಿದು, ವಾರದ ವರದಿಯನ್ನೆಲ್ಲ ಒಪ್ಪಿಸಿ ಹೊರಬಂದು, "ಸಾಹುಕಾರ್ರು ಇವತ್ತು ಒಂದು ಮಾತೂ ಬೈಲಿಲ್ಲ ಭಾವ" ಎಂದ.

ಮಂಗಳೂರಿನ ಕಣ್ಣಿನ ಆಸ್ಪತ್ರೆಗೆ ಜೊತೆಗೆ ಹೋದವನು ನಾನೂ ಪರೀಕ್ಷೆ ಮಾಡಿಸಿಕೊಂಡೆ. ನಂಬರು ಏರದೆ ನಿಂತಿದೆ, ಕಣ್ಣಿನ ಮುಂಭಾಗದ ಪದರ, ಅಂದರೆ ಕಾರ್ನಿಯಾ, ದಪ್ಪವಿದೆ, ಮಾಡಿಸಬಹುದು ಎಂದರು ಡಾಕ್ಟರು ಭಾವನಿಗೆ. ಆದರೆ ಕೆಲವು ಕಾಲ ಕಣ್ಣು ಒಣಗಿದಂತಾಗಬಹುದು, ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕಾಗಬಹುದು, ನಿಧಾನವಾಗಿ ಯೋಚಿಸಿ ಎಂದೂ ಹೇಳಿದರು. ನನ್ನ ಭಾವನಿಗೆ ಯೋಚಿಸಿ ಎನ್ನುವುದೇ! ನನಗೆ ಮಾತ್ರ, ಕಾರ್ನಿಯಾ ತೆಳು, ಇದು ನಿಮಗಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಪರರ ಹೊಲ ಮನೆ ಕಂಡು ಕರುಬುವವರಿದ್ದಾರೆ. ಪರರ ಕಾರ್ನಿಯಾಕ್ಕೆ ಕರುಬಿದವನು ನಾನೊಬ್ಬನೇ ಇರಬೇಕು!

ಬಸ್ಸು ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಹೊಟ್ಟೆಕಿಚ್ಚು ಬಾಯಿಗೆ ಬಂತು. ಕಳಸದಲ್ಲಿ ಒಬ್ಬ ಇದನ್ನೇ ಮಾಡಿಸಿಕೊಂಡು ಈಗ ಅವನಿಗೆ ದೀಪವೆಲ್ಲ ಎರಡೆರಡು ಕಾಣುತ್ತವಂತೆ ಎಂದೆ. ಅಂಥವನು ಕಳಸದಲ್ಲಿ ಇರಲೇ ಇಲ್ಲ. ಭಾವ ಕೊಟ್ಟಿಗೆಹಾರದವರೆಗೆ ಯೋಚಿಸಿ, "ಕರೆಂಟಿಲ್ಲದ ಊರಲ್ಲಿ ಎರಡೆರಡು ದೀಪ ಕಂಡ್ರೆ ಲಾಭವೇ ಅಲ್ವಾ ಮಾರಾಯ?" ಎಂದ. ಆದರೆ ಹೆದರಿದ್ದ. ಮಳೆ ಕಳೆಯಲಿ, ಕೊಯ್ಲು ಮುಗಿಯಲಿ, ಕಾಫಿ ಹೂವು ಆಗಲಿ ಎಂದು ಮುಂದೂಡುತ್ತ ಹೋದ. ಒಳಗೊಳಗೇ ನನಗೆ ಹಬ್ಬ.

ಕೊನೆಗೊಂದು ಬೇಸಿಗೆಯಲ್ಲಿ ನನಗೆ ಹೇಳದೆ ಹೋಗಿ ಮಾಡಿಸಿಕೊಂಡು ಬಂದೇಬಿಟ್ಟ. ದೂರದ ತಿರುವಿನಲ್ಲಿರುವ ಬಸ್ಸಿನ ಬೋರ್ಡನ್ನು ನಿಂತಲ್ಲಿಂದಲೇ ಓದುತ್ತಿದ್ದ! ನನಗೆ ಬಸ್ಸೇ ಕಾಣುತ್ತಿರಲಿಲ್ಲ. ಇಷ್ಟು ಸಾಲದು ಎಂಬಂತೆ, ಗಾಜು ತೆಗೆಸಿದ ಹಳೆಯ ಫ್ರೇಮನ್ನು ಮೂಗಿನ ಮೇಲೆ ಹಾಗೇ ಉಳಿಸಿಕೊಂಡ. ಅದರೊಳಗಿಂದ ಬೆರಳು ತೂರಿಸಿ ಕಣ್ಣು ಒರೆಸಿಕೊಂಡರೆ ಆಳುಗಳೆಲ್ಲ ನಗುವರು. ಯಾಕೆಂದು ಕೇಳಿದರೆ ಮೂಗಿಗೆ ಅಭ್ಯಾಸವಾಗಿದೆ ಎನ್ನುವನು. ನನ್ನನ್ನು ಅಣಕಿಸಲಿಕ್ಕೇ ಹೀಗೆ ಮಾಡುತ್ತಾನೆಂದು ನಾನು ಮಾತು ಕಡಿಮೆ ಮಾಡಿದೆ.

ಮಳೆ ಹಿಡಿಯಿತು. ಮೋರಿಯ ತಿರುವಿನಲ್ಲಿ ನನಗೆ ದಾರಿ ಮುಚ್ಚಿತು. ಭಾವ ಎಂದಿನಂತೆ ಬುತ್ತಿ ಡಬ್ಬಿ ತೆರೆದು ಬಟ್ಟೆ ಕೊಟ್ಟ. ಒರೆಸಿ ಹಿಂದಕ್ಕೆ ಕೊಟ್ಟೆ. ಅವನು ತನ್ನ ಬರಿಯ ಫ್ರೇಮನ್ನು ತೆಗೆದು, ಕೊಡೆಯ ಕೆಳಗೆ ಬಗ್ಗಿ, ಸುತ್ತಲೂ ಒರೆಸತೊಡಗಿದ.

"ಗಾಜೇ ಇಲ್ಲವಲ್ಲ, ಏನು ಒರೆಸ್ತೀಯ?"

"ನೀ ಒರೆಸ್ಲಿಕ್ಕೆ ನಿಂತಾಗ ನಂಗೂ ಒಂದು ಕೆಲ್ಸ ಬೇಕಲ್ಲ ಭಾವ."

ಕಳಸದಲ್ಲಿ ಅಂಥವನು ಯಾರೂ ಇಲ್ಲ, ನಾನೇ ಕಟ್ಟಿದ ಸುಳ್ಳು ಎಂದು ಅಲ್ಲಿಯೇ ಹೇಳಿಬಿಟ್ಟೆ.  ಅವನು ಎಡಗಡೆಯದು ಮುಗಿಸಿ ಬಲಗಡೆಯದನ್ನು ಒರೆಸಿದ. ಆಮೇಲೆ ನನ್ನ ಮುಖ ನೋಡಿ ಬಟ್ಟೆಯನ್ನು ಮತ್ತೆ ನನ್ನ ಕೈಗಿತ್ತ.

"ಇನ್ನೊಂದ್ಸಲ ಒರೆಸ್ಕೋ. ಮುಂದೆ ದಾರಿ ಜಾರ್ತದೆ."