ದೀಡಕ್ಕ ದೀಡ

ಕನ್ಯೆ ನೋಡುವ ಮನೆಯಲ್ಲಿ ಬಾಯಿರುವುದು ಉಪ್ಪಿಟ್ಟು ತಿನ್ನಲಿಕ್ಕೆ ಮಾತ್ರ. ಇದು ನಿಜಗುಣಪ್ಪನಿಗೆ ತಿಳಿದಿದ್ದರೆ ಅವನ ಮಗ ಕಲ್ಮೇಶನ ಲಗ್ನ ಅಂದೇ ಗಟ್ಟಿಯಾಗುತ್ತಿತ್ತು.

ಕಲ್ಮೇಶ ರಾಮದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಕನ್ಯೆ ಮಧು ಬೈಲಹೊಂಗಲದಲ್ಲಿ ಗಣಿತದ ಟೀಚರು. ಅವಳು ತಾಟು ಇಡುತ್ತ ಒಮ್ಮೆ ತಲೆಯೆತ್ತಿ ನೋಡಿದ್ದೇ ತಡ, ಕಲ್ಮೇಶ ಮನಸ್ಸಿನಲ್ಲೇ ಲಗ್ನದ ಅಕ್ಕಿಕಾಳು ಹಾಕಿಸಿಕೊಂಡುಬಿಟ್ಟ. ಆಗ ನಿಜಗುಣಪ್ಪ ಬಾಯಿ ಬಿಟ್ಟ.

“ಹುಡುಗಿ ಪಾಡ ಅದಾಳ್ರಿ. ಆದ್ರ ಲೆಕ್ಕ ಅಂದ್ರ ನಮ್ಮ ರಾಮದುರ್ಗದ್ದು. ಇಲ್ಲಿ ತೊಂಬತ್ತು ಮಾರ್ಕ್ಸ್ ಬಂದ್ರ ನಮ್ಮಲ್ಲಿ ಅರವತ್ತ ನೋಡ್ರಿ.”

ಮಧುವಿನ ಅಜ್ಜ ಶಂಕ್ರೆಪ್ಪ ಚಹಾದ ಬಸಿ ಕೆಳಗಿಟ್ಟ. “ಏನಂದ್ರಿ? ನಮ್ಮ ಹುಡುಗೂರು ನಿಮ್ಮ ಮಾಸ್ತರಗೋಳಿಗೇ ಪಾಠಾ ಹೇಳ್ತಾವು!”

“ಎರಡೂ ಕಡೆ ಪುಸ್ತಕ ಒಂದ ಅದರಿ...” ಕಲ್ಮೇಶ ಮೆಲ್ಲಗೆ ಅಂದ.

“ಹಿಟ್ಟೂ ಒಂದ ಇರತೈತಿ. ಎಲ್ಲಾರ ರೊಟ್ಟಿ ಉಬ್ಬತಾವೇನು?” ಅಂದವಳು ವರನ ಮುಖ ನೋಡಲೆಂದೇ ಬಂದು ಕೂತಿದ್ದ ಬಾಜೂ ಮನೆಯ ಇಂದ್ರವ್ವ. “ಇಬ್ಬರಿಗೂ ಒಂದ ಲೆಕ್ಕಾ ಕೊಡ್ರಿ, ಯಾವೂರು ಗಟ್ಟಿ ಗೊತ್ತಾಗತೈತಿ!” ಅಷ್ಟಕ್ಕೇ ಬಿಡದೆ ಮನೆಗೆ ಓಡಿ ಮೊಮ್ಮಕ್ಕಳ ಪಾಟಿ, ಬಳಪ ತಂದಿಟ್ಟಳು.

ಕಲ್ಮೇಶ ಬಳಪ ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಾನು ಗೆದ್ದರೆ ಅಜ್ಜ ಮುನಿದು ಕನ್ಯೆ ಕೈತಪ್ಪಿದಂತೆಯೇ. ಸೋತರೆ ಊರಿನ ಮರ್ಯಾದೆ ಹೋದೀತು. ಹೋಗಲಿ, ಊರನ್ನೇನು ಲಗ್ನವಾಗುವುದಿದೆಯೇ?

ಶಂಕ್ರೆಪ್ಪ ಮೀಸೆ ಸವರಿ ಕೇಳಿದ: “ದೀಡಕ್ಕ ದೀಡ ಎಷ್ಟು?”

ದೀಡ ಎಂದರೆ ಒಂದೂವರೆ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಗುಣಿಸುವುದು ಬಿಟ್ಟು ಕೂಡಿಸುವ ದಡ್ಡರು ಮಾತ್ರ ಮೂರು ಎನ್ನುತ್ತಾರೆ. ಕಲ್ಮೇಶ ಕುಲದೇವರನ್ನು ನೆನೆದು, ಪಾಟಿಯ ಮೇಲೆ ದೊಡ್ಡದಾಗಿ ‘ಮೂರು’ ಎಂದು ಬರೆದ. ಮಧು ‘ಎರಡೂಕಾಲು’ ಎಂದು ಬರೆದಿದ್ದಳು.

ಶಂಕ್ರೆಪ್ಪ ಎರಡೂ ಪಾಟಿ ನೋಡಿ ಹಣೆ ಬಡಿದುಕೊಂಡ.

“ಅಯ್ಯ ಶಿವನ! ದೀಡಕ್ಕ ದೀಡ ಕೂಡಿಸಿದ್ರ ಮೂರು. ಇಷ್ಟೂ ಬರಲಿಲ್ಲಲ್ಲ ನನ್ನ ಮೊಮ್ಮಗಳಿಗೆ! ಒಪ್ಪಿದೆರಿ ನಿಜಗುಣಪ್ಪನವರ, ನಿಮ್ಮೂರ ಲೆಕ್ಕಾನ ಗಟ್ಟಿ. ಅಳ್ಯಾ ಅಂದ್ರ ಹಿಂಗಿರಬೇಕು!”

“ಅಜ್ಜಾ, ಅದು ಗುಣಾಕಾರ...”

“ಸುಮ್ಕಿರು. ಕೇಳಿದಾಂವ ನಾನೋ ನೀನೋ?”

ಕಲ್ಮೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಧು ಅವನನ್ನು ಹಿತ್ತಲಿಗೆ ಕರೆದಳು.

“ಖರೇ ಹೇಳ್ರಿ. ನಿಮಗ ಗುಣಾಕಾರ ಬರೂದಿಲ್ಲೇನು?”

“ಬರತೈತ್ರಿ! ನೀವು ಗೆಲ್ಲಲಿ ಅಂತ ಬೇಕಂತನ ತಪ್ಪು ಬರದೆ.”

“ಅಂದ್ರ ನೀವು ಸೋಲದಿದ್ರ ನಾ ಗೆಲ್ಲೂದಿಲ್ಲ ಅಂತ ತಿಳಕೊಂಡ್ರಿ?”

ಮಧು ಒಳಗೆ ಹೋಗಿ ಎಲ್ಲರೆದುರು, “ಈ ಮಾಸ್ತರನ್ನ ನಾ ಒಲ್ಲೆ” ಅಂದಳು.

ತಿರುಗಿ ಹೋಗುವಾಗ ಬಸ್ಸು ಮುನವಳ್ಳಿ ದಾಟಿದರೂ ನಿಜಗುಣಪ್ಪನ ಹಿಗ್ಗು ಇಳಿದಿರಲಿಲ್ಲ. “ಕನ್ಯಾ ಹೋದ್ರ ಹೋಗಲಿ ತಮ್ಮಾ, ಊರ ಮರ್ಯಾದಿ ಉಳಿಸಿದಿ!”

ಕಲ್ಮೇಶ ಕಿಟಕಿಯಾಚೆ ನೋಡಿದ. ಈಗ ಲಗ್ನವಾಗಲು ಅವನಿಗೆ ಊರೊಂದೇ ಉಳಿದಿತ್ತು.