ಟಿಕೋಟಾದಲ್ಲಿ ಆಕಾಶ ಬಿತ್ತು

ನನ್ನ ಮಗಳ ಸಂಬಂಧವನ್ನು ಯಾರಿಗೂ ಗೊತ್ತಾಗದ ಹಾಗೆ, ಮುಖ್ಯವಾಗಿ ನನ್ನ ಮಗಳಿಗೇ ಗೊತ್ತಾಗದ ಹಾಗೆ, ಒಂದೇ ಸಂಜೆಯಲ್ಲಿ ಕುದುರಿಸಿಬಿಡುತ್ತೇನೆಂದು ಕಳೆದ ಕಾರ್ತಿಕದಲ್ಲಿ ನಾನು ತೀರ್ಮಾನಿಸಿದೆ. ಅಥಣಿ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಪಂಪ್‌ಸೆಟ್ ಮಾರಿದವನು ನಾನು. ನೀರೇ ಬೀಳದ ಬೋರ್‌ವೆಲ್ಲಿಗೂ ಮೋಟಾರು ಮಾರಿದ ಕೀರ್ತಿ ನನ್ನದು. ಅಂಥವನಿಗೆ ಒಂದು ಬೀಗತನ ಯಾವ ದೊಡ್ಡ ಮಾತು!

ಮಗಳು ವಿಜಯಲಕ್ಷ್ಮೀ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮದುವೆ ಬೇಡವೆಂದು ಅವಳು ಎಂದೂ ಅಂದವಳಲ್ಲ. "ಅಪ್ಪಾ, ನನಗ ಹೇಳದ ಯಾರನ್ನೂ ಕರಸಬ್ಯಾಡ. ಹುಡುಗನ ಕೂಡ ಮೊದ್ಲ ನಾ ಮಾತಾಡ್ತೀನಿ, ಆಮ್ಯಾಲ ಹಿರೇರು ಮಾತಾಡ್ರಿ" ಎಂದು ಮಾತ್ರ ಹೇಳಿದ್ದಳು. ಈ ಮಾತಿನಲ್ಲಿ 'ಹೇಳದ' ಎಂಬ ಶಬ್ದವೇ ನನಗೆ ಅಡ್ಡಿಯಾಗಿತ್ತು. ಏಕೆಂದರೆ ಟಿಕೋಟಾದ ದ್ರಾಕ್ಷಿ ಬೆಳೆಗಾರ ಗುರಲಿಂಗಪ್ಪನವರು ನನ್ನ ಹಳೆಯ ಗಿರಾಕಿ. ಅವರ ಮಗ ಸಂಗನಬಸವ ಕೃಷಿ ಓದಿ ತೋಟವನ್ನೇ ನಂಬಿಕೊಂಡು ನಿಂತ ಹುಡುಗ. ಇಂಥ ಮನೆತನ ಸಿಗುವುದೇ ಅಪರೂಪ. ಮಗಳಿಗೆ ಹೇಳಿ, ಅವಳು ಒಲ್ಲೆ ಅಂದುಬಿಟ್ಟರೆ?

ದಾರಿ ತೋರಿಸಿದ್ದು ಆಕಾಶವೇ. ವಿಜಯಲಕ್ಷ್ಮೀ ರಜೆಯ ದಿನಗಳಲ್ಲಿ ಒಂದು ವಿಜ್ಞಾನ ಬಳಗದ ಜೊತೆ ಜನರಿಗೆ ನಕ್ಷತ್ರ ತೋರಿಸುತ್ತಾಳೆ. ಆ ಶನಿವಾರ ಸಂಜೆ ಮೊದಲು ಟಿಕೋಟಾದ ಒಂದು ಕಲ್ಯಾಣ ಮಂಟಪದಲ್ಲಿ ತಾರಾಲಯದ ಪ್ರದರ್ಶನ, ಆಮೇಲೆ ಬಸ್ಸಿನಲ್ಲಿ ಬಬಲೇಶ್ವರದ ಆಚೆಯ ಗುಡ್ಡಕ್ಕೆ ಹೋಗಿ ದೂರದರ್ಶಕದಲ್ಲಿ ಗ್ರಹಗಳ ದರ್ಶನ ಎಂದು ಗೊತ್ತಾಗಿತ್ತು. ವಿವರಣೆ ಕೊಡುವವಳು ನನ್ನ ಮಗಳು. ನಲವತ್ತು ಜನರಲ್ಲಿ ಗುರಲಿಂಗಪ್ಪನವರ ಮನೆಯವರೂ ಮೂವರು. ಅವಳು ಅವರಿಗೆ ನಕ್ಷತ್ರ ತೋರಿಸುತ್ತಾಳೆ, ನಾನು ಅವರಿಗೆ ಅವಳನ್ನು ತೋರಿಸುತ್ತೇನೆ!

"ಅಕಿಗೊಂದ ಮಾತ ಹೇಳಿಬಿಡ್ರಿ" ಎಂದಳು ನನ್ನ ಹೆಂಡತಿ ವಿದ್ಯಾವತಿ.

"ಹೇಳಿದ್ರ ಕೆಡ್ತೈತಿ."

"ಹೇಳಲಿಲ್ಲಂದ್ರನೂ ಕೆಡ್ತೈತಿ. ಹೇಳಿ ಕೆಡಸ್ರಿ, ಅಷ್ಟರ ಮರ್ಯಾದಿ ಉಳಿತೈತಿ."

"ನಿನಗ ವ್ಯಾಪಾರ ತಿಳಿಯಂಗಿಲ್ಲ."

"ಶನಿವಾರ ಅಮಾಸಿ ಐತಿ, ಅದರ ತಿಳದೈತೇನು?"

ಅದು ನನಗೆ ತಿಳಿದಿರಲಿಲ್ಲ. ನಕ್ಷತ್ರ ಚೆನ್ನಾಗಿ ಕಾಣುವುದು ಚಂದ್ರನಿಲ್ಲದ ದಿನವಂತೆ. ಹುಡುಗನ ತಾಯಿ ಕಾಶಿಬಾಯಿಯವರಿಗೂ ಫೋನಿನಲ್ಲಿ ಇದೇ ಸಂಶಯ ಬಂತು. ನಾನು ಕೂಡಲೇ ಸಮಾಧಾನ ಹೇಳಿದೆ. "ವೈನಿ, ಹುಡುಗಿ ನೋಡಾಕ ಅಮಾಸಿ ನಡಿಯಂಗಿಲ್ಲ, ಖರೆ. ಆದ್ರ ನೀವು ಬರೋದು ನಕ್ಷತ್ರ ನೋಡಾಕ. ನಡುವ ಹುಡುಗಿ ಕಂಡ್ರ ಅದಕ್ಕ ನೀವೇನ ಮಾಡ್ತೀರಿ?" ಅವರು ಬರುತ್ತೇವೆಂದರು.

ಸಂಚಾರಿ ತಾರಾಲಯವೆಂದರೆ ಕರಿಬಟ್ಟೆಯ ಒಂದು ದೊಡ್ಡ ಬಲೂನು. ಹೊರಗಿನಿಂದ ಒಂದು ಫ್ಯಾನು ಅದರೊಳಗೆ ಗಾಳಿ ಊದುತ್ತಲೇ ಇರಬೇಕು. ಊದುವ ತನಕ ಅದು ಆಕಾಶ, ನಿಂತರೆ ಹಾಸಿಗೆಯ ಚಾದರ. ಒಳಗೆ ಹೋಗಲು ಬಾಗಿಲಿಲ್ಲ. ಬಟ್ಟೆಯದೇ ಒಂದು ಸಣ್ಣ ಸುರಂಗವಿದ್ದು, ಅದರಲ್ಲಿ ನಾಲ್ಕು ಕಾಲಿನ ಮೇಲೆ ತೆವಳಬೇಕು. ಈ ಸಂಗತಿ ನನಗೆ ಮೊದಲೇ ಗೊತ್ತಿದ್ದರೆ ಗುರಲಿಂಗಪ್ಪನವರಿಗೆ ಇಸ್ತ್ರಿಯ ಧೋತರ, ಬಿಳಿ ರುಮಾಲು ಬೇಡವೆನ್ನುತ್ತಿದ್ದೆ. ಟಿಕೋಟಾದ ಸಾವುಕಾರರು ಅಂಬೆಗಾಲಿಡುತ್ತ ಒಳಗೆ ಹೋದರು. ಹಿಂದೆ ಇಳಕಲ್ಲ ಸೀರೆಯುಟ್ಟ ಕಾಶಿಬಾಯಿಯವರು. ಅರ್ಧ ದಾರಿಯಲ್ಲಿ ಅವರು ನಿಂತು, "ಮಲ್ಲಿನಾಥ ಅವರ, ನಾವು ಎಲ್ಲಿಗೆ ಹೊಂಟೀವಿ?" ಎಂದು ಕೇಳಿದರು. "ಆಕಾಶಕ್ಕ, ವೈನಿ" ಎಂದೆ. ಮುಂದೆ ಅವರೇನಂದರೋ, ಬಟ್ಟೆ ನುಂಗಿತು.

ಒಳಗೆ ಗಾಢ ಕತ್ತಲೆ. ಯಂತ್ರ ನೋಡಿಕೊಳ್ಳುವ ಸೈಫುದ್ದೀನ ಗುಂಡಿ ಒತ್ತಿದ ಕೂಡಲೇ ತಲೆಯ ಮೇಲೆ ಸಾವಿರಾರು ನಕ್ಷತ್ರ ಹೊತ್ತಿಕೊಂಡವು. ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡ ವಿಜಯಲಕ್ಷ್ಮೀ ಹೇಳುತ್ತ ಹೋದಳು. ಎಂಥ ಸ್ಪಷ್ಟ ಮಾತು. ಕಾಶಿಬಾಯಿಯವರು ಬಾಯಿ ತೆರೆದು ಕೇಳುತ್ತಿದ್ದರು. ಅರ್ಧ ಕೆಲಸ ಆಯಿತೆಂದು ನಾನು ಕತ್ತಲೆಯಲ್ಲೇ ಮೀಸೆ ತಿರುವಿಕೊಂಡೆ.

ಅಷ್ಟರಲ್ಲಿ ಗುರಲಿಂಗಪ್ಪನವರ ಮೊಬೈಲು ಬೆಳಗಿತು. ತೋಟದ ಆಳು ಔಷಧ ಹೊಡೆಯುವ ವಿಚಾರ ಕೇಳುತ್ತಿದ್ದ.

"ಬಿಳಿ ರುಮಾಲಿನ ಯಜಮಾನ್ರ, ಮೊಬೈಲ್ ಬಂದ್ ಮಾಡ್ರಿ. ಬೆಳಕ ಬಿದ್ರ ಉಳದವರಿಗೆ ಏನೂ ಕಾಣಂಗಿಲ್ಲ" ಎಂದಳು ಮಗಳು.

ಐದು ನಿಮಿಷಕ್ಕೆ ಮತ್ತೆ ಬೆಳಗಿತು. ಆಳಿಗೆ ಔಷಧ ಇನ್ನೂ ಸಿಕ್ಕಿರಲಿಲ್ಲ.

"ಯಜಮಾನ್ರ, ಎರಡನೇ ಸಲ ಹೇಳಾಕತ್ತೇನಿ. ಮೂರನೇ ಸಲ ಹೊರಗ ಕುಂದರಸಬೇಕಾಗ್ತೈತಿ."

ಮಾವನಾಗಬೇಕಾದವರನ್ನು ಆಕಾಶದಿಂದ ಹೊರಗೆ ಹಾಕಲು ಹೊರಟಿದ್ದಾಳೆ ನನ್ನ ಮಗಳು. ಇನ್ನು ಹೇಳದೆ ದಾರಿಯಿಲ್ಲ. ಕುಳಿತವರ ಕಾಲು ತುಳಿಯುತ್ತ ತೆವಳಿ ಅವಳ ಪಕ್ಕಕ್ಕೆ ಹೋದೆ. ಕತ್ತಲೆಯಲ್ಲಿ ಕಿವಿಯೆಂದುಕೊಂಡು ಅವಳ ಕೊರಳ ಹತ್ತಿರ ಬಾಯಿಟ್ಟು, ಬಹಳ ಗುಟ್ಟಾಗಿ ಪಿಸುಗುಟ್ಟಿದೆ.

"ವಿಜೂ, ಅವರಿಗೆ ಬೈಬ್ಯಾಡವಾ. ಅವರು ಗುರಲಿಂಗಪ್ಪ ಸಾವ್ಕಾರ್ರು, ನಿನ್ನ ನೋಡಾಕ ಬಂದಾರ. ಹದಿನೆಂಟ ಎಕರೆ ದ್ರಾಕ್ಷಿ ಐತಿ. ಹುಡುಗ ನೋಡಾಕ ಅಷ್ಟಕ್ಕಷ್ಟ, ಆದ್ರ ಗುಣವಂತ. ಅವರವ್ವನ ಬಾಯಿ ಜೋರಂತ, ಅದನ್ನೆಲ್ಲಾ ಆಮ್ಯಾಲ ಸಂಭಾಳಿಸಿಕೊಂಡ್ರಾತು."

ನನ್ನ ಮಾತು ಮುಗಿಯುವ ಮೊದಲೇ ಒಂದು ವಿಚಿತ್ರ ಗಮನಕ್ಕೆ ಬಂತು. ಯಾರೋ ಇದೇ ಮಾತನ್ನು ಸಪ್ತರ್ಷಿ ಮಂಡಲದ ಕಡೆಯಿಂದ ಗಟ್ಟಿಯಾಗಿ ಹೇಳುತ್ತಿದ್ದರು. ಧ್ರುವ ನಕ್ಷತ್ರದ ಕಡೆಯಿಂದಲೂ ಅದೇ. ನಾಲ್ಕು ದಿಕ್ಕಿನ ನಾಲ್ಕು ಸ್ಪೀಕರುಗಳು ಸೇರಿ 'ಸಂಭಾಳಿಸಿಕೊಂಡ್ರಾತು' ಎಂದು ಹೇಳಿ ಸುಮ್ಮನಾದವು. ಮೈಕು ಮಗಳ ಕೊರಳಪಟ್ಟಿಯಲ್ಲಿತ್ತು, ನನ್ನ ಬಾಯಿ ಮೈಕಿನಲ್ಲಿತ್ತು.

ಕತ್ತಲೆಯಲ್ಲಿ ಕಾಶಿಬಾಯಿಯವರ ಬಳೆಗಳು ಒಮ್ಮೆ ಸದ್ದು ಮಾಡಿ ನಿಂತವು. ಮಗಳು ಮೈಕನ್ನು ಕೈಯಿಂದ ಮುಚ್ಚಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಅಪ್ಪಾ. ಹೊರಗ. ಹೋಗು."

ಆ ಮಾತು ಹೇಳುವ ಅಗತ್ಯವೇ ಇರಲಿಲ್ಲ. ನಾನು ಆಗಲೇ ಹೊರಟಿದ್ದೆ. ಸುರಂಗದಿಂದ ಹೊರಬೀಳುವ ಅವಸರದಲ್ಲಿ ಏನೋ ಒಂದು ಬಳ್ಳಿ ಕಾಲಿಗೆ ಸುತ್ತಿಕೊಂಡಿತು. ಝಾಡಿಸಿ ಎಳೆದೆ. ಫ್ಯಾನಿನ ಸದ್ದು ನಿಂತುಹೋಯಿತು.

ಆಕಾಶ ಕಳಚಿ ತಲೆಯ ಮೇಲೆ ಬೀಳುವುದೆಂದರೆ ಏನೆಂದು ಅಲ್ಲಿಯ ತನಕ ನಾನು ಮಾತಿನಲ್ಲಷ್ಟೇ ಕೇಳಿದ್ದೆ. ಅವತ್ತು ಅದು ನಿಧಾನವಾಗಿ, ನಕ್ಷತ್ರಗಳ ಸಮೇತ, ಎಲ್ಲರ ತಲೆಯ ಮೇಲೆ ಇಳಿಯಿತು. ಗುರಲಿಂಗಪ್ಪನವರ ರುಮಾಲಿನ ಮೇಲೆ ಕೃತ್ತಿಕೆ ಕುಳಿತಿತ್ತಂತೆ. ಒಳಗೆ ಗದ್ದಲ. ಆಗ ಒಬ್ಬ ಎತ್ತರದ ಹುಡುಗ ನಡುವೆ ಎದ್ದು ನಿಂತು, ಎರಡೂ ಕೈ ಎತ್ತಿ ಬಟ್ಟೆಯನ್ನು ಹಿಡಿದುಕೊಂಡ. "ಎಲ್ಲಾರೂ ಕುಂತ ಜಾಗಾದಾಗ ಕುಂದರ್ರಿ. ದ್ರಾಕ್ಷಿ ಚಪ್ಪರ ಎತ್ತಿ ರೂಢಿ ಐತಿ ನನಗ" ಎಂದ. ಸಂಗನಬಸವ. ಇನ್ನೊಂದು ತುದಿಯನ್ನು ವಿಜಯಲಕ್ಷ್ಮೀ ಎತ್ತಿ ಹಿಡಿದಳು. ಸೈಫುದ್ದೀನ ಹೊರಗೆ ಓಡಿ ಬಂದು ವೈರು ಹಚ್ಚುವ ತನಕ, ಅಂದರೆ ಸುಮಾರು ಆರು ನಿಮಿಷ, ಅವರಿಬ್ಬರೂ ಎದುರು ಬದುರು ನಿಂತು ಆಕಾಶ ಹೊತ್ತಿದ್ದರು.

ಬಬಲೇಶ್ವರದ ಕಡೆ ಹೋಗುವ ಬಸ್ಸಿನಲ್ಲಿ ನಾನು ಕೊನೆಯ ಸೀಟಿನಲ್ಲಿ ಕುಳಿತೆ. ಗುರಲಿಂಗಪ್ಪನವರ ಮನೆಯವರು ಬಸ್ಸು ಹತ್ತದೆ ಮನೆಗೆ ಹೋಗುತ್ತಾರೆಂದುಕೊಂಡಿದ್ದೆ. ಹೋಗಲಿಲ್ಲ. ಕಾಶಿಬಾಯಿಯವರು ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತು ಒಂದು ಮಾತೂ ಆಡಲಿಲ್ಲ. ಜೋರು ಬಾಯಿ ಎಂದು ಕೇಳಿದ್ದವನಿಗೆ ಆ ಮೌನ ಇನ್ನೂ ಜೋರಾಗಿ ಕೇಳಿಸುತ್ತಿತ್ತು.

"ಇನ್ನರ ಸುಮ್ಮ ಇರ್ರಿ" ಎಂದಳು ವಿದ್ಯಾವತಿ.

ಇರಬೇಕಿತ್ತು. ಆದರೆ ಕೆಟ್ಟ ಮೋಟಾರನ್ನು ಗಿರಾಕಿಯ ಮುಂದೆಯೇ ರಿಪೇರಿ ಮಾಡಿ ತೋರಿಸುವುದು ನನ್ನ ದಂಧೆಯ ಗುಣ. ಗುಡ್ಡದ ಮೇಲೆ ದೂರದರ್ಶಕ ನಿಲ್ಲಿಸಿ, ಬ್ಯಾಟರಿಯ ಕೆಂಪು ಬೆಳಕಿನಲ್ಲಿ ಎಲ್ಲರೂ ಸಾಲು ಹಚ್ಚುತ್ತಿದ್ದಾಗ ನಾನು ಓಡಿಹೋಗಿ ಕಾಶಿಬಾಯಿಯವರನ್ನು ಮುಂದಕ್ಕೆ ಕರೆದೆ.

"ವೈನಿ, ಎಲ್ಲಾರಕಿಂತ ಮೊದ್ಲ ನೀವು ಬರ್ರಿ. ನಿಮಗಂತನ ಒಂದ ಛಲೋ ಗ್ರಹ ಹಿಡಿದು ಇಡಸೀನಿ."

"ಯಾವ ಗ್ರಹ?"

"ಶನಿ."

ಆ ಶಬ್ದ ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ನನಗೆ ಹೊಳೆದದ್ದು.

"ಇವತ್ತ ವಾರ ಯಾವುದ್ರಿ?" ಎಂದರು ಅವರು, ಬಹಳ ಮೆತ್ತಗೆ.

"ಶನಿವಾರ."

"ತಿಥಿ?"

"ಅಮಾಸಿ."

"ವಾರಾ ವಾರಾ ಆ ದೇವರ ಕಣ್ಣ ನಮ್ಮ ಮನಿ ಮ್ಯಾಲ ಬೀಳಬಾರದಂತ ಎಣ್ಣಿ ಹಾಕಿ ಬರ್ತೀನಿ. ನೀವು ಬಸ್ಸಿನ್ಯಾಗ ಕರಕೊಂಡು ಬಂದು ಕಣ್ಣಿಗೆ ಕಣ್ಣ ಹಚ್ಚಸಾಕತ್ತೀರಿ. ಇದು ಎಂಥಾ ಬೀಗತನರಿ?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೆನ್ನಿಗೆ ದೂರದರ್ಶಕದ ಕಾಲು ತಾಗಿತು. ಅರ್ಧ ತಾಸು ಕಷ್ಟಪಟ್ಟು ಹಿಡಿದಿಟ್ಟ ಶನಿ ತಪ್ಪಿಸಿಕೊಂಡು ಹೋದ.

ವಿಜಯಲಕ್ಷ್ಮೀ ನನ್ನ ಕಡೆ ನೋಡಲಿಲ್ಲ. ಸುಮ್ಮನೆ ಬಾಗಿ, ಹತ್ತು ನಿಮಿಷ ತಿರುಗಿಸಿ ತಿರುಗಿಸಿ ಶನಿಯನ್ನು ಮತ್ತೆ ಹಿಡಿದಳು. ಆಮೇಲೆ ಕಾಶಿಬಾಯಿಯವರ ಹತ್ತಿರ ಹೋಗಿ ನಿಂತಳು. "ಅವ್ವಾರ, ಅವ ನಮ್ಮನ್ನ ನೋಡಿದ್ರ ತ್ರಾಸ ಅಂತಾರ. ನಾವು ಅವನ್ನ ನೋಡಿದ್ರ ತ್ರಾಸಂತ ಯಾರೂ ಹೇಳಿಲ್ಲರಿ. ಇಷ್ಟ ವರ್ಷ ಅವನ ನಿಮ್ಮನ್ನ ನೋಡ್ಯಾನ. ಇವತ್ತ ನೀವೊಮ್ಮೆ ನೋಡಿಬಿಡ್ರಿ."

ಕಾಶಿಬಾಯಿಯವರು ಅವಳ ಮುಖ ನೋಡಿದರು, ಗಂಡನ ಮುಖ ನೋಡಿದರು. ಸೆರಗು ಹೊದ್ದು ಕೈಮುಗಿದು ಒಂದು ಕಣ್ಣು ಮುಚ್ಚಿ ಬಾಗಿದರು. ಬಹಳ ಹೊತ್ತು ಎದ್ದೇಳಲಿಲ್ಲ.

"ಅಯ್ಯ ಶಿವನ, ಇಷ್ಟ ಅದಾನೇನು ಇವ? ನಡಕ ಒಂದ ಬಳಿ ಬ್ಯಾರೆ ಹಾಕ್ಕೊಂಡಾನ. ನಮ್ಮ ತೋಟದಾಗಿನ ದ್ರಾಕ್ಷಿ ಕಾಯಿ ಇವನಕಿಂತ ದೊಡ್ಡದೈತಿ. ಇವನಿಗೆ ಹೆದರಿ ಮೂವತ್ತ ವರ್ಷ ಎಣ್ಣಿ ಸುರವೀನಿ ನೋಡ್ರಿ." ಆಮೇಲೆ ಅವರು ಸಾಲಿನ ಕೊನೆಗೆ ಹೋಗಿ ನಿಂತು ಇನ್ನೆರಡು ಸಲ ನೋಡಿ ಬಂದರು.

ಗುಂಪು ಚಹಾ ಕುಡಿಯುತ್ತಿದ್ದಾಗ ಮಗಳು ನನ್ನನ್ನು ಒಂದು ಬಂಡೆಯ ಮರೆಗೆ ಕರೆದಳು.

"ಅಪ್ಪಾ, ಅವರಿಗೆ ಹೇಳಿದಿ, ಅವ್ವಗ ಹೇಳಿದಿ, ಕಡೀಕ ನಲವತ್ತ ಮಂದಿಗೆ ಮೈಕಿನ್ಯಾಗ ಹೇಳಿದಿ. ನನಗೊಬ್ಬಾಕಿಗೆ ಹೇಳಾಕ ಏನಾಗಿತ್ತು?"

"ನೀ ಒಲ್ಲೆ ಅಂದ್ರ ಅಂತ ಹೆದರಿಕಿ ಆತವಾ."

"ಒಲ್ಲೆ ಅಂದಿದ್ರ ಅದು ನನ್ನ ಮಾತಾಗ್ತಿತ್ತು. ನೀ ಅದನ್ನೂ ನನಗ ಬಿಡಲಿಲ್ಲ."

ಇಪ್ಪತ್ತಾರು ವರ್ಷದ ವ್ಯಾಪಾರದಲ್ಲಿ ಯಾರ ಮುಂದೆಯೂ ಮಾತು ಸೋತವನಲ್ಲ ನಾನು. "ತಪ್ಪಾತು" ಎಂದೆ. ಅವಳು ನನ್ನ ಅಂಗಿಗೆ ಹತ್ತಿದ್ದ ಧೂಳನ್ನು ಝಾಡಿಸಿ, ನೆಟ್ಟಗೆ ಸಂಗನಬಸವನ ಹತ್ತಿರ ಹೋದಳು. "ಬರ್ರಿ, ನಿಮ್ಮ ಕೂಡ ಮಾತಾಡೋದೈತಿ" ಎಂದಳು. ಅವನು ಚಹಾದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ತಂದೆಯ ಕೈಗೇ ಕೊಟ್ಟು ಹಿಂದೆ ಹೋದ.

ಅವರಿಬ್ಬರೂ ಮುಕ್ಕಾಲು ತಾಸು ಮಾತಾಡಿದರು. ಏನು ಮಾತೆಂದು ಕೇಳಿಸಿಕೊಳ್ಳಲು ನಾನು ಎರಡು ಹೆಜ್ಜೆ ಇಟ್ಟಿದ್ದೆ, ವಿದ್ಯಾವತಿ ಅಂಗಿಯ ತುದಿ ಹಿಡಿದು ಕೂರಿಸಿದಳು. ತಿರುಗಿ ಬಂದ ಮಗಳು, "ಇನ್ನೆರಡ ಸಲ ಭೇಟಿಯಾಗಿ ಹೇಳ್ತೀವಿ" ಎಂದಳು. ಸಂಗನಬಸವ ನಗುತ್ತಿದ್ದ. ಹುಡುಗ ನೋಡಲು ಅಷ್ಟಕ್ಕಷ್ಟೇ ಎಂದು ನಾನು ಅಂದದ್ದು ಶುದ್ಧ ತಪ್ಪು. ನಗುವಾಗ ಅವನು ಬಹಳ ಚೆಂದ ಕಾಣುತ್ತಾನೆ.

ಬಸ್ಸು ಹತ್ತುವ ಮೊದಲು ಕಾಶಿಬಾಯಿಯವರು ನನ್ನನ್ನು ದಾಟಿ ವಿದ್ಯಾವತಿಯ ಕಡೆ ಹೋದರು.

"ವೈನಿ, ಹುಡುಗಿ ನಮಗ ಪೂರಾ ಪಸಂದ. ಮುಂದಿಂದು ಅವರಿಬ್ಬರಿಗೆ ಬಿಟ್ಟದ್ದು. ಆದ್ರ ಹುಡುಗಿ ಅಪ್ಪನ್ನ ನಾವು ಕತ್ತಲದಾಗ ಅಷ್ಟ ನೋಡೀವಿ. ಬೆಳಕಿನ್ಯಾಗ ಒಮ್ಮೆ ಸರಿಯಾಗಿ ನೋಡಬೇಕು. ಬರೋ ಆಯತವಾರ ಬರ್ತೀವಿ."

"ಬರ್ರಿ ವೈನಿ. ತಯಾರ ಮಾಡಿ ಕುಂದರಸಿರ್ತೀನಿ" ಎಂದಳು ನನ್ನ ಹೆಂಡತಿ.

ಭಾನುವಾರ ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿಕೊಂಡು, ಕೈಕಟ್ಟಿ ಕುಳಿತೆ. ಗುರಲಿಂಗಪ್ಪನವರು ಒಂದು ಕಡೆಯಿಂದ ನೋಡಿದರು. ಕಾಶಿಬಾಯಿಯವರು ಇನ್ನೊಂದು ಕಡೆಯಿಂದ ನೋಡಿದರು. ವಿಜಯಲಕ್ಷ್ಮೀ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು.

"ನೋಡಾಕ ಅಡ್ಡಿ ಇಲ್ಲ" ಎಂದರು ಕಾಶಿಬಾಯಿ. "ಒಂದೆರಡ ಮಾತಾಡಸ್ರಿ, ದನಿ ಕೇಳೂಣು."

ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಅಡುಗೆಮನೆಯಿಂದ ವಿದ್ಯಾವತಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಬ್ಯಾಡ್ರಿ ವೈನಿ, ನಿಮ್ಮ ಕಾಲಿಗೆ ಬೀಳ್ತೀನಿ. ಮುಂಜಾನಿಂದ ಸುಮ್ಮ ಕುಂದರಸಿ ಇಲ್ಲಿತನಕ ತಂದೀನಿ. ಈಗ ಬಾಯಿ ತಗದ್ರ ಬಂದ ಸಂಬಂಧ ಹೋಗ್ತೈತಿ."