‘ಕಡಿಮಿ ಮಾಡ್ರಿ’ ಬಟನ್ನು

ನಮ್ಮ ಸೋದರಮಾವನಿಗೆ ಕೇಳಿದಷ್ಟು ಹಣ ಕೊಟ್ಟರೆ ಸಿಟ್ಟು ಬರುತ್ತದೆ. ನೀವು ನಂಬಲಿಕ್ಕಿಲ್ಲ. ಅವನ ಕೈಕೆಳಗೆ ಕೆಲಸಕ್ಕೆ ಸೇರುವವರೆಗೆ ನಾನೂ ನಂಬಿರಲಿಲ್ಲ.

ಶಹಾಬಜಾರದಲ್ಲಿ ಇಪ್ಪತ್ತು ವರ್ಷ ಸೀರೆ ಮಾರಿದ ಮನುಷ್ಯ. ಗಿರಾಕಿಗಳು ಮೊಬೈಲಿನಲ್ಲೇ ಸೀರೆ ಕೊಳ್ಳತೊಡಗಿದಾಗ ಅಂಗಡಿ ಮುಚ್ಚಿ, ಹಟಕ್ಕೆ ಬಿದ್ದು ಸಾಫ್ಟ್‌ವೇರ್ ಕಲಿತ. ಈಗ ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ ಕೂತು ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುತ್ತಾನೆ. ಅದರಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಬಟನ್ನೊಂದಿದೆ: ‘ಕಡಿಮಿ ಮಾಡ್ರಿ’. ಒತ್ತಿದರೆ ‘ಅಸಲೂ ಗಿಟ್ಟಂಗಿಲ್ರಿ’ ಎಂದು ಬರುತ್ತದೆ. ಬೇಸತ್ತು ಪುಟ ಮುಚ್ಚಲು ಹೋದರೆ ‘ಬರ್ರಿ ಬರ್ರಿ, ಎಷ್ಟು ಕೊಡ್ತೀರಿ ಹೇಳ್ರಿ’ ಎಂದು ಹಿಂದಿನಿಂದ ಕರೆಯುತ್ತದೆ!

ತನ್ನ ಕೂಲಿಗೂ ಅದೇ ಪದ್ಧತಿ. ಎರಡು ಪಟ್ಟು ಹೇಳುವುದು, ಗಿರಾಕಿ ಎದ್ದು ಹೊರಡುವುದು, ಇವನು ಕರೆಯುವುದು. ಮೋಮಿನಪುರದ ಅತ್ತರು ವ್ಯಾಪಾರಿಯೊಬ್ಬರು ಎರಡು ದಿನದಲ್ಲಿ ಏಳು ಸಲ ಎದ್ದು ಹೋದರು. ಅವರನ್ನು ಮಾವ ಇಂದಿಗೂ ಗೌರವದಿಂದ ನೆನೆಯುತ್ತಾನೆ. ಡಾಕ್ಟರೊಬ್ಬರು ಕೇಳಿದಷ್ಟನ್ನೂ ಫೋನಿನಲ್ಲೇ ಕಳಿಸಿದಾಗ ಮಾತ್ರ ಅರ್ಧ ಹಿಂದಿರುಗಿಸಿ, “ಗಿರಾಕಿ ಅಂದ್ರ ಗೆದ್ದು ಮನಿಗಿ ಹೋಗ್ಬೇಕು. ಇವರು ಆಟಾನ ಕೆಡಿಸಿದ್ರು” ಎಂದು ಗೊಣಗಿದ.

ಹೋದ ತಿಂಗಳು ಇಂಥದೇ ಒಂದು ಅಂಗಡಿ ಕಟ್ಟಿಕೊಡಲು ಕಮಲಾಪುರಕ್ಕೆ ಹೋಗಿದ್ದೆವು. ಕೆಂಪು ಬಾಳೆ ಬೆಳೆಯುವ ಮನೆ. ರಸ್ತೆ ಬದಿ ಕೂತು ಹಣ್ಣು ಮಾರುತ್ತಿದ್ದ ಯಜಮಾನರು ಲಕ್ವಾ ಹೊಡೆದು ಮಂಚ ಹಿಡಿದಿದ್ದರು. ಅವರನ್ನು ಬಿಟ್ಟು ಹೆಂಡತಿ ಹೊರಗೆ ಕೂರುವಂತಿಲ್ಲ. ಮನೆಯಿಂದಲೇ ಮಾರದಿದ್ದರೆ ಔಷಧಕ್ಕೂ ದಾರಿಯಿಲ್ಲ.

“ಹದಿನೈದು ಸಾವಿರ,” ಎಂದ ಮಾವ, ಅಭ್ಯಾಸಬಲದಿಂದ.

ಆಕೆ ಸೆರಗಿನ ಗಂಟು ಬಿಚ್ಚಿ ಕಿವಿಯ ಎರಡು ಬಂಗಾರದ ಓಲೆ ಮುಂದಿಟ್ಟಳು. “ಇವನ್ನ ಮಾರಿ ಕೊಡ್ತೀನ್ರಿ.”

ಮಾವನ ಮುಖ ಸಪ್ಪಗಾಯಿತು. “ಭಾಳ ಆತು ಅನ್ರಿ.”

“ನಿಮ್ಮ ಕೆಲಸದ ಬೆಲಿ ನಾ ಏನ್ ಹೇಳ್ಲಿ?”

“ಎದ್ದು ಹೋಗ್ರಿ. ನಾ ಕರೀತೀನಿ.”

“ಮನಿ ನಂದ ಅದರೀ. ಎಲ್ಲಿಗಿ ಹೋಗ್ಲಿ?”

ಕೊನೆಗೆ ಮಾವ ತಾನೇ ಎದ್ದು ಹೊರಟ. ಹೊಸ್ತಿಲಲ್ಲಿ ಹತ್ತು ಸಾವಿರ ಎಂದ, ಅಂಗಳದಲ್ಲಿ ಐದು. ಯಾರೂ ಕರೆಯಲಿಲ್ಲ. ಗೇಟಿನ ಬಳಿ ನಿಂತು, “ಒಂದು ಗೊನಿ ಬಾಳಿಹಣ್ಣು. ಇದಕ್ಕಿಂತ ಇಳಿಯಂಗಿಲ್ಲ!” ಎಂದು ಕೂಗಿದ.

ಮಂಚದ ಕಡೆಯಿಂದ ತೊದಲುವ ದನಿ ಬಂತು. “ಬರ್ರಿ ಬರ್ರಿ. ಎರಡು ತಗೋರಿ.”

ಯಜಮಾನರು ನಗುತ್ತಿದ್ದರು. ಮಾವ ತಿರುಗಿ ಬಂದು ಅವರ ಕೈ ಹಿಡಿದುಕೊಂಡು, “ನೀವು ಗೆದ್ರಿ” ಎಂದ. ಆಮೇಲೆ ಆಕೆಯ ಕಡೆ ನೋಡದೆ ಹೇಳಿದ, “ಓಲಿ ಹಾಕ್ಕೊಳ್ರಿ. ಅಂಗಡಿಗಿ ಮಾಲಕರ ಫೋಟೋ ಬೇಕು.”

ಬೇರೆ ಯಾವ ಅಂಗಡಿಗೂ ನಾವು ಫೋಟೋ ಕೇಳಿದ್ದಿಲ್ಲ. ಕಣ್ಣು ತುಂಬಿಕೊಂಡೇ ನಾನು ಮೊಬೈಲಿನಲ್ಲಿ ತೆಗೆದೆ. ಆ ಮಸುಕು ಫೋಟೋದಲ್ಲೂ ಓಲೆಗಳು ಚೆನ್ನಾಗಿ ಕಾಣುತ್ತವೆ. ಕಮಲಾಪುರದ ಆ ಅಂಗಡಿಯಲ್ಲಿ ‘ಕಡಿಮಿ ಮಾಡ್ರಿ’ ಬಟನ್ನು ಮಾತ್ರ ಇಲ್ಲ.